ಅಜ್ಜಿ ಅಂದರೆ ಮೂಗು, ಅತ್ತೆ ಅಂದರೆ ಕಣ್ಣು

ಬಾಯಿಪಾಠ ಮಾಡಬಾರದು, ಅರ್ಥ ಮಾಡಿಕೊಂಡು ಓದಬೇಕು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರಲ್ಲಿ ಹೆಚ್ಚಿನವರು ಮೆಡಿಕಲ್ ಪ್ರವೇಶ ಪರೀಕ್ಷೆಯ ಕೋಣೆಯ ಬಾಗಿಲನ್ನೂ ನೋಡಿದವರಲ್ಲ. ಕಲ್ಲು ಯಾಕೆ ಕೆಳಗೆ ಬೀಳುತ್ತದೆ ಎಂದು ಅರ್ಥ ಮಾಡಿಕೊಳ್ಳಬಹುದು, ಒಪ್ಪಿದೆ. ಆದರೆ ಜಿರಳೆಯ ಹೃದಯದಲ್ಲಿ ಕೋಣೆಗಳೆಷ್ಟು ಎಂಬುದರಲ್ಲಿ ಅರ್ಥ ಮಾಡಿಕೊಳ್ಳಲು ಏನಿದೆ? ಹದಿಮೂರು ಕೋಣೆ ಯಾಕೆ ಬೇಕಿತ್ತು ಎಂದು ಜಿರಳೆಯನ್ನೇ ಕೇಳಬೇಕು.

ನಮ್ಮ ಟ್ಯೂಷನ್ ಮೇಷ್ಟ್ರು ಸಹ ಅದೇ ಪೈಕಿ. ಮರಗೆಲಸದ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ. ಕೆಳಗೆ ಕುರ್ಚಿ ಮೇಜುಗಳಿಗೆ ವಾರ್ನಿಷ್ ಬಳಿಯುತ್ತಿದ್ದರೆ ಮೇಲೆ ನಮ್ಮ ಕಣ್ಣಲ್ಲಿ ನೀರು. "ಉರು ಹೊಡೀಬೇಡ್ರಮ್ಮ, ತಿಳ್ಕೊಳ್ಳಿ" ಎಂದೇ ಅವರು ದಿನವೂ ಶುರು ಮಾಡುತ್ತಿದ್ದರು. ಮರುದಿನ ನಮ್ಮನ್ನು ಸಾಲಾಗಿ ನಿಲ್ಲಿಸಿ, ನಿನ್ನೆಯ ಪಟ್ಟಿಯನ್ನು ಒಂದಕ್ಷರ ಬಿಡದೆ ಒಪ್ಪಿಸಲು ಹೇಳುತ್ತಿದ್ದರು. ಒಂದು ಹೆಸರು ಆಚೀಚೆಯಾದರೆ "ನೀನು ತಿಳ್ಕೊಂಡಿಲ್ಲ" ಎನ್ನುತ್ತಿದ್ದರು. ತಿಳಿದುಕೊಳ್ಳುವುದೆಂದರೆ ಇನ್ನೂ ಗಟ್ಟಿಯಾಗಿ ಉರು ಹೊಡೆಯುವುದು ಎಂದು ನಾವೆಲ್ಲ ಬೇಗ ತಿಳಿದುಕೊಂಡೆವು.

ಮೊದಲ ಸಲ ನಾನೂ ಎಲ್ಲರಂತೆಯೇ ಓದಿದೆ. ಗೋಡೆಗೆ ಮುಖ ಮಾಡಿ ನಿಂತು, ಒಂದೊಂದು ಸಾಲನ್ನೂ ನಾಲಿಗೆ ಮರಗಟ್ಟುವವರೆಗೆ ಹೇಳಿಕೊಂಡೆ. ಬೆಳಿಗ್ಗೆ ತಲೆಗೆ ಹೊಕ್ಕಿದ್ದು ಸಂಜೆಗೆ ನಾಪತ್ತೆ. ತುಂಬಿದ ಬಸ್ಸಿಗೆ ಮುಂದಿನ ಬಾಗಿಲಿನಿಂದ ಜನ ಹತ್ತಿದರೆ ಹಿಂದಿನ ಬಾಗಿಲಿನಿಂದ ಇಳಿಯುತ್ತಾರಲ್ಲ, ಹಾಗೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಬಸ್ಸು ಪೂರಾ ಖಾಲಿಯಾಗಿತ್ತು. ಸೀಟು ಕೂದಲೆಳೆಯಲ್ಲಿ ತಪ್ಪಿತು.

ಆ ಸೀಟು ನನಗೆ ಎಷ್ಟು ಮುಖ್ಯವಾಗಿತ್ತು ಎಂದು ತಿಳಿಯಬೇಕಾದರೆ ನಮ್ಮ ಮನೆಯ ವಿಷಯ ಹೇಳಬೇಕು. ನಾನು ಮಾತು ಕಲಿಯುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಅಪ್ಪ ಇನ್ನೊಂದು ಮದುವೆಯಾಗಿ, ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದರು. ನಾನು ಬೆಳೆದದ್ದು ಅಮ್ಮನ ತವರಿನಲ್ಲಿ. ಅಲ್ಲಿ ಅಮ್ಮನನ್ನು ಹೆತ್ತ ಅಜ್ಜಿ, ತೀರಿಹೋದ ಸೋದರಮಾವನ ಹೆಂಡತಿ ಅತ್ತೆ, ಅತ್ತೆಯ ಮಗಳು ಅಕ್ಕ. ಮನೆಯಲ್ಲಿ ಗಂಡು ಧ್ವನಿ ಕೇಳಬೇಕೆಂದರೆ ರೇಡಿಯೋ ಹಾಕಬೇಕಿತ್ತು. ಅಕ್ಕ ಒಬ್ಬ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಮಾತ್ರ ಅತ್ತೆಯ ಸಂಬಳದಲ್ಲಿ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತೂತುಗಳ ಹಲಗೆಯ ಮುಂದೆ ಕೂತು, ವೈರು ಚುಚ್ಚಿ ಊರಿನವರನ್ನೆಲ್ಲ ಪರವೂರಿನವರ ಜೊತೆ ಮಾತಾಡಿಸುವವರು.

ಆ ವರ್ಷವೇ ಎಕ್ಸ್‌ಚೇಂಜಿಗೆ ತಾನಾಗಿಯೇ ನಂಬರು ಕೂಡಿಸುವ ಯಂತ್ರ ಬರುವುದು ಖಾತ್ರಿಯಾಗಿತ್ತು. ಬಂದ ಮೇಲೆ ಅತ್ತೆಯಂಥವರಿಗೆ ಅಲ್ಲಿ ಕೆಲಸವಿರಲಿಲ್ಲ.

"ಇನ್ನೊಂದ್ಸಲ ಬರಿ. ಒಂದೇ ಸಲ. ಆಮೇಲೆ ನಿನ್ನ ಓದಿಸೋದು ನನ್ ಕೈಲಾಗಲ್ಲ," ಎಂದರು ಅತ್ತೆ. ಅಳು ಇಲ್ಲ, ಸಿಟ್ಟಿಲ್ಲ. ಪರವೂರಿಗೆ ಟ್ರಂಕ್ ಕಾಲ್ ಮಾಡಿದವರಿಗೆ ಸಮಯ ಮುಗಿಯಿತು ಎಂದು ಹೇಳುವ ಧ್ವನಿಯಲ್ಲೇ ಹೇಳಿದರು.

ಸೀಟು ಸಿಗದಿದ್ದರೆ ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತು ನಾನೂ ಚೀಟಿ ಕೊಡುವುದು ಎಂದು ತೀರ್ಮಾನವಾಗಿತ್ತು. ಅಕ್ಕ ಆಗಲೇ ಆ ಸ್ಟೂಲನ್ನು ಒರೆಸಿಟ್ಟಿದ್ದೇನೆ ಎಂದು ರೇಗಿಸುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಡಾಕ್ಟರಾಗಬೇಕು ಎನ್ನುವ ಆಸೆ ಯಾವಾಗ ಹುಟ್ಟಿತೋ ಗೊತ್ತಿಲ್ಲ, ಆದರೆ ಅದು ಬಿಟ್ಟರೆ ನನ್ನಲ್ಲಿ ಬೇರೆ ಯಾವ ಆಸೆಯೂ ಇರಲಿಲ್ಲ.

ಎರಡನೇ ಸಲದ ಓದನ್ನು ಅತ್ತೆ ತಮ್ಮ ಕೈಗೆ ತೆಗೆದುಕೊಂಡರು. ಊರಿನ ಅರ್ಧ ನಂಬರುಗಳು ಅವರ ತಲೆಯಲ್ಲಿದ್ದವು. ಅದು ಹೇಗೆ ನೆನಪಿಟ್ಟುಕೊಳ್ಳುತ್ತೀರಿ ಎಂದು ಕೇಳಿದೆ.

"ನಂಬರ್ ಯಾರು ನೆನಪಿಟ್ಕೋತಾರೆ? ನಾನು ಜನರನ್ನ ನೆನಪಿಟ್ಕೋತೀನಿ. ಮೊದಲು ಕೆಮ್ಮಿ ಆಮೇಲೆ ಹಲೋ ಅನ್ನೋರು ಮರದ ಡಿಪೋದವರು. ಉಸಿರೇ ಬಿಡದೆ ಮಾತಾಡೋಳು ಡ್ರಿಲ್ ಮೇಷ್ಟ್ರ ಹೆಂಡತಿ. ಅವರು ಬಂದ್ರೆ ಹಿಂದೇನೇ ನಂಬರೂ ಬರತ್ತೆ. ಮುಖ ಇಲ್ಲದ್ದು ಯಾವುದೂ ತಲೇಲಿ ನಿಲ್ಲಲ್ಲ ಕಣೇ."

ಹೀಗಾಗಿ ಪುಸ್ತಕದಲ್ಲಿದ್ದ ಎಲ್ಲದಕ್ಕೂ ಮುಖ ಹಚ್ಚುವ ಕೆಲಸ ಶುರುವಾಯಿತು. ಬೆರಿಲಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ, ರೇಡಿಯಂ ಎನ್ನುವ ಸಾಲು ತಲೆಗೆ ಹತ್ತದೆ ನಾನು ಒದ್ದಾಡುತ್ತಿದ್ದಾಗ, ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಬೇಗ, ಮಗಳೇ, ಕಾಫಿ ಸ್ಟ್ರಾಂಗ್ ಬೇಕು, ರೇಗ್ತೀನಿ." ಅದು ಪಾಠವೋ ಅಪ್ಪಣೆಯೋ ಗೊತ್ತಾಗದೆ ನಾನು ಒಲೆಯ ಮುಂದೆ ಹೋಗಿ ನಿಂತೆ. ಪಾತ್ರೆ ಇಟ್ಟ ಮೇಲೆ ಮೊದಲಕ್ಷರಗಳ ಆಟ ಹೊಳೆಯಿತು. ಅಂದಿನಿಂದ ಆ ಸಾಲು ನನಗೆ ಮರೆತುಹೋಗಿಲ್ಲ.

ದೊಡ್ಡ ತಲೆನೋವು ಎಂದರೆ ಮಿದುಳಿನಿಂದ ಹೊರಡುವ ನರಗಳ ಪಟ್ಟಿ. ಹನ್ನೆರಡು ಜೋಡಿ, ಹನ್ನೆರಡು ಹೆಸರು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮೊದಲ ಸಲ ನನ್ನ ಸೀಟು ನುಂಗಿದ್ದು ಇದೇ ಪಟ್ಟಿ ಎಂದು ನಾನು ನಂಬಿದ್ದೆ. ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಸುತ್ತ ಕೂತು ಮನೆಮಂದಿಯೆಲ್ಲ ಸೇರಿ ಅದಕ್ಕೊಂದು ವಾಕ್ಯ ಕಟ್ಟಿದರು:

ಅಜ್ಜಿ, ಅತ್ತೆ, ಅಕ್ಕ ಟ್ರಂಕನ್ನು ಟ್ರೈನಿಗೆ ಅಟ್ಟಿ, ಫೇಲಾಗಿ, ಆಮೇಲೆ ಗ್ಲಾಸು ವೇಸ್ಟಾಗಿ, ಆಸೆಬಿಟ್ಟು ಹೈರಾಣಾದರು.

ಆಲ್ಫ್ಯಾಕ್ಟರಿಯಿಂದ ಹೈಪೊಗ್ಲಾಸಲ್‌ವರೆಗೆ ಹನ್ನೆರಡೂ ಅದರಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಟ್ರಂಕು ಬಂದದ್ದು ಅತ್ತೆಯ ಟ್ರಂಕ್ ಕಾಲಿನಿಂದ. ಅಜ್ಜಿಗೆ ಮಾತ್ರ ಕಂಡದ್ದು ಮಂಚದ ಕೆಳಗಿನ ಕಬ್ಬಿಣದ ಟ್ರಂಕು. "ಈ ವಯಸ್ಸಲ್ಲಿ ನಾನ್ಯಾಕೆ ಅದನ್ನ ಹೊರಲಿ, ಅವಳು ಹೊರಲಿ," ಎಂದು ಸೊಸೆಯ ಕಡೆ ಕೈ ತೋರಿಸಿದಳು.

"ಫೇಲಾಗಿ ಅಂತ ಯಾಕಮ್ಮ? ಓದೋ ಹುಡುಗಿ ಬಾಯಲ್ಲಿ ದಿನಾ ಆ ಮಾತು," ಎಂದು ಅಕ್ಕ ತಕರಾರು ತೆಗೆದಳು.

"ಪಾಸಾಗಿ ಅನ್ನೋಕೆ 'ಪಾ' ಇಂದ ಶುರುವಾಗೋ ನರ ಬೇಕು. ನಿಮ್ ಡಾಕ್ಟರ್ ಹತ್ರ ಇದ್ರೆ ಕೇಳ್ಕೊಂಡ್ ಬಾ," ಎಂದರು ಅತ್ತೆ.

ಒಂದೇ ತೊಡಕು. ಮೊದಲ ಮೂರೂ ಒಂದೇ ಅಕ್ಷರದವು. ಅಜ್ಜಿ, ಅತ್ತೆ, ಅಕ್ಕ ಇವರಲ್ಲಿ ಯಾರು ಯಾವ ನರ? ಅದಕ್ಕೆ ಉತ್ತರ ಆ ಮೇಜಿನ ಸುತ್ತಲೇ ಕೂತಿತ್ತು. ಆಲ್ಫ್ಯಾಕ್ಟರಿ ಅಂದರೆ ವಾಸನೆಯ ನರ, ಅದು ಅಜ್ಜಿ. ಎಲ್ಲದರಲ್ಲೂ ಮೂಗು ತೂರಿಸುವುದು ಎನ್ನುವುದು ಅವಳ ವಿಷಯದಲ್ಲಿ ಬರೀ ಮಾತಲ್ಲ. ಅಜ್ಜಿಯ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಬಾಗಿಲಲ್ಲಿ ನಿಂತವರು ಯಾರೆಂದು ಅವಳು ಮೂಗಿನಿಂದಲೇ ಹೇಳುತ್ತಿದ್ದಳು. ಲವಂಗದೆಣ್ಣೆ ಬಂದರೆ ಕ್ಲಿನಿಕ್ಕಿನಿಂದ ಅಕ್ಕ. ಬಿಸಿಯಾದ ವೈರಿನ ವಾಸನೆ ಬಂದರೆ ಅತ್ತೆ. ನಾನು ಟ್ಯೂಷನ್ನಿನಿಂದ ಬಂದರೆ "ವಾರ್ನಿಷ್ ಬಂತು" ಎನ್ನುತ್ತಿದ್ದಳು. ಆಪ್ಟಿಕ್ ಅಂದರೆ ನೋಟದ ನರ, ಅದು ಸೋಡಾ ಬಾಟಲಿಯ ತಳದಂಥ ಕನ್ನಡಕದ ಅತ್ತೆ. ಆಕ್ಯುಲೊಮೋಟರ್ ಕಣ್ಣುಗುಡ್ಡೆ ತಿರುಗಿಸುವ ನರ. ಏನು ಹೇಳಿದರೂ ಕಣ್ಣನ್ನು ಸೂರಿಗೆ ಹೊರಳಿಸುವ ಅಕ್ಕನಲ್ಲದೆ ಇನ್ನಾರು? ಇದನ್ನು ಹೇಳಿದಾಗಲೂ ಅವಳು ಹೊರಳಿಸಿದಳು.

ಮೊದಲನೇ ಸ್ಥಾನ ಸಿಕ್ಕಿದ್ದು ಅಜ್ಜಿಗೆ ಬಹಳ ಹಿಡಿಸಿತು. ದಿನಾ ಬೆಳಿಗ್ಗೆ ನಾನು ಬಾಯಿ ಬಿಡುವ ಮೊದಲೇ "ಮೊದಲನೇದು ನಾನೇ ತಾನೆ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರಿಗೂ ಹೇಳಿದ್ದಳಂತೆ, ದೊಡ್ಡ ಪರೀಕ್ಷೆಯಲ್ಲಿ ತನ್ನ ಬಗ್ಗೆ ಪ್ರಶ್ನೆ ಬರುತ್ತದೆ ಎಂದು.

ಹೀಗೆ ಎಲ್ಲ ಸರಾಗವಾಗಿ ಸಾಗುತ್ತಿದ್ದಾಗ ಅಜ್ಜಿ ಮುಂಬಾಗಿಲ ಮೆಟ್ಟಿಲು ಕಾಣದೆ ಎಡವಿ ಕಾಲು ಉಳುಕಿಸಿಕೊಂಡಳು. ಮೆಟ್ಟಿಲಿಗೆ ವಾಸನೆ ಇಲ್ಲವಲ್ಲ. ಇನ್ನು ಕನ್ನಡಕ ಬೇಡವೆನ್ನುವ ಹಟ ನಡೆಯುವುದಿಲ್ಲ ಎಂದು ಅತ್ತೆ ಗದರಿಸಿದರು, ಅಕ್ಕ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕನ್ನಡಕ ಸಿದ್ಧವಾದ ದಿನ ಅಕ್ಕ ಮತ್ತು ಅಜ್ಜಿ ಅಂಗಡಿಯಿಂದ ಮನೆಗೆ ಬಂದಾಗ ನಾನು ಗೋಡೆಗೆ ಮುಖ ಮಾಡಿ ನರಗಳನ್ನು ಒಪ್ಪಿಸುತ್ತಿದ್ದೆ. ಅತ್ತೆ ಪುಸ್ತಕ ಹಿಡಿದು ಕೂತಿದ್ದರು. ಚಪ್ಪಲಿಯ ಸದ್ದಾಯಿತೆಂದು ತಿರುಗಿ ನೋಡಿದೆ. ಬಾಗಿಲಲ್ಲಿ ಅಜ್ಜಿ, ಮೂಗಿನ ಮೇಲೆ ದಪ್ಪ ಕನ್ನಡಕ. ಅವಳು ತಲೆಯೆತ್ತಿ ಸೂರಿನ ಜೇಡರಬಲೆಗಳನ್ನು ನೋಡುತ್ತ, ಇಷ್ಟು ದಿನ ಇದರ ಕೆಳಗೇ ಉಂಡೆವಲ್ಲ ಎಂದು ಬೈಯುತ್ತಿದ್ದಳು.

"ಹೂಂ, ಎರಡನೇದು?" ಎಂದರು ಅತ್ತೆ.

"ಅಜ್ಜಿ," ಎಂದೆ ನಾನು. "ಅಲ್ಲ, ಅತ್ತೆ. ಅಲ್ಲ..."

ಕನ್ನಡಕ ಈಗ ಇಬ್ಬರಿಗೂ ಇತ್ತು. ಯಾರು ಮೊದಲು, ಯಾರು ಆಮೇಲೆ? ಅಜ್ಜಿ ಕಣ್ಣಾದರೆ ಮೂಗು ಯಾರು? ಟ್ರಂಕು ಯಾರ ಕೈಯಲ್ಲಿ? ಇಡೀ ಟ್ರೈನು ಹಳಿ ತಪ್ಪಿತು. ಮತ್ತೆ ಶುರು ಮಾಡಿದೆ, ಮತ್ತೆ ತಪ್ಪಿತು. ಅತ್ತೆ ಗಡಿಬಿಡಿಯಲ್ಲಿ ತಮ್ಮ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು, ಈಗ ನೋಡು ಎಂದರು. ಅದರಿಂದ ಇನ್ನೂ ಹದಗೆಟ್ಟಿತು, ಪುಸ್ತಕ ಓದಲು ಅವರಿಗೂ ಆಗಲಿಲ್ಲ. ನಾನು ನೆಲದ ಮೇಲೆ ಕುಸಿದು ಕೂತು ಜೋರಾಗಿ ಅಳತೊಡಗಿದೆ. ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಕ್ಲಿನಿಕ್ಕಿನ ಸ್ಟೂಲು ಕಣ್ಣ ಮುಂದೆಯೇ ಇತ್ತು.

ಅಜ್ಜಿಗೆ ಏನಾಯಿತೆಂದು ಅಕ್ಕ ವಿವರಿಸಬೇಕಾಯಿತು. ಕೇಳಿಸಿಕೊಂಡು ಅವಳು ಕನ್ನಡಕ ಬಿಚ್ಚಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಟಪ್ಪೆಂದು ಹಾಕಿದಳು.

"ಅಳಬೇಡ ಏಳು. ನಿನ್ನ ಪರೀಕ್ಷೆ ಮುಗಿಯೋವರೆಗೂ ನಾನು ಬರೀ ಮೂಗು. ಕಣ್ಣೆಲ್ಲ ಅವಳಿಗೇ ಇರಲಿ."

"ಬೇಡ ಅಜ್ಜಿ, ಹಾಕ್ಕೋ. ಮತ್ತೆ ಬಿದ್ರೆ?" ಎಂದೆ.

"ಬಿದ್ರೆ ಡಾಕ್ಟರ್ ಆಗಿ ನೀನೇ ಎತ್ತು," ಎಂದಳು. ಆಮೇಲೆ ಯಾರು ಹೇಳಿದರೂ ಕೇಳಲಿಲ್ಲ. ನಾನು ಹೇಳಿದರಂತೂ ಬಾಯಿಗೆ ಬಂದ ಹಾಗೆ ಬೈದಳು.

ಒಂದು ಮಧ್ಯಾಹ್ನ ಮೇಷ್ಟ್ರಿಗೆ ಹುಷಾರಿಲ್ಲವೆಂದು ಟ್ಯೂಷನ್ ಇರಲಿಲ್ಲ. ಅರ್ಧ ದಾರಿಯಿಂದಲೇ ವಾಪಸು ಬಂದೆ. ಹಿತ್ತಿಲ ಕಡೆಯಿಂದ ಬರುತ್ತ ಕಿಟಕಿಯಲ್ಲಿ ಅಜ್ಜಿ ಕಂಡಳು. ಕನ್ನಡಕ ಹಾಕಿಕೊಂಡು ಕೂತಿದ್ದಳು. ಸೋಪಿನ ಕಾಗದದ ಮೇಲಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ತನ್ನ ಅಂಗೈಯನ್ನು ನೋಡಿದಳು, ತಿರುಗಿಸಿ ಉಗುರುಗಳನ್ನು ನೋಡಿದಳು. ಹೊರಗೆ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು, ಅವುಗಳ ಬಣ್ಣವನ್ನು, ಬಹಳ ಹೊತ್ತು ನೋಡಿದಳು. ನಾನು ಸದ್ದಾಗದಂತೆ ಹಿಂದಕ್ಕೆ ಹೋಗಿ, ಮುಂದಿನ ಗೇಟಿನಿಂದ ದಡಬಡ ಸದ್ದು ಮಾಡುತ್ತ ಒಳಗೆ ಬಂದೆ. ಅಷ್ಟರಲ್ಲಿ ಡಬ್ಬಿ ಮುಚ್ಚಿತ್ತು. ಅಜ್ಜಿ ಮೂಗೇರಿಸಿ, "ಇವತ್ತೇನು ವಾರ್ನಿಷ್ ಇಲ್ಲ?" ಎಂದು ಅನುಮಾನದಿಂದ ಕೇಳಿದಳು.

ನಾನು ಮನೆಯಲ್ಲಿಲ್ಲದಾಗ ಕನ್ನಡಕ, ನಾನು ಬಂದರೆ ಡಬ್ಬಿ. ಅಂದರೆ ಆ ದಿನಗಳಲ್ಲಿ ಅವಳು ಜೇಡರಬಲೆ ಕಂಡಳು, ಸೊಸೆಯ ನರೆತ ಕೂದಲು ಕಂಡಳು, ಪಕ್ಕದ ಮನೆಯ ಗೋಡೆಯ ಬಿರುಕನ್ನೂ ಕಂಡಳು. ಕಾಣದೆ ಉಳಿದವಳು ನಾನೊಬ್ಬಳೇ.

ಪರೀಕ್ಷೆಯ ದಿನ ಬಂತು. ದೊಡ್ಡ ಹಾಲು, ಸಾಲು ಬೆಂಚು, ಫ್ಯಾನಿನ ಕರಕರ. ನಾನು ಮೊದಲು ಮಾಡಿದ ಕೆಲಸವೆಂದರೆ ಪ್ರಶ್ನೆಪತ್ರಿಕೆಯ ಹಾಳೆಗಳನ್ನು ಮಗುಚುತ್ತ ನರಗಳ ಪ್ರಶ್ನೆ ಹುಡುಕಿದ್ದು. ಇರಲಿಲ್ಲ. ಮತ್ತೊಮ್ಮೆ ಹುಡುಕಿದೆ, ಬೆರಳಿಟ್ಟು ಹುಡುಕಿದೆ. ಹನ್ನೆರಡರಲ್ಲಿ ಒಂದೂ ಇಲ್ಲ. ಸ್ಟ್ರಾಂಗ್ ಕಾಫಿ ಬಂದಿತ್ತು. ಜಿರಳೆಯೂ ಬಂದಿತ್ತು. ಅಜ್ಜಿ ಬಂದಿರಲಿಲ್ಲ. ಸಿಟ್ಟಿನಲ್ಲಿ ಪೆನ್ಸಿಲಿನ ಮೊನೆ ಮುರಿಯಿತು. ಆಮೇಲೆ ಮೂಗು ಒರೆಸಿಕೊಂಡು, ಬಂದದ್ದನ್ನೆಲ್ಲ ಬರೆದೆ.

ಸೀಟು ಸಿಕ್ಕಿತು. ಅಕ್ಕ ತನ್ನ ಕ್ಲಿನಿಕ್ಕಿನಿಂದಲೇ ಅತ್ತೆಗೆ ಫೋನು ಮಾಡಿದಳಂತೆ. ಅತ್ತೆ ಆ ಸಂತೋಷದಲ್ಲಿ ಯಾರದೋ ವೈರನ್ನು ಯಾರಿಗೋ ಚುಚ್ಚಿ, ಮರದ ಡಿಪೋದವರನ್ನು ಡ್ರಿಲ್ ಮೇಷ್ಟ್ರ ಹೆಂಡತಿಯ ಜೊತೆ ಮಾತಾಡಿಸಿಬಿಟ್ಟರಂತೆ. ಯಂತ್ರ ಬರುವ ಮೊದಲು ಅವರು ಮಾಡಿದ ಒಂದೇ ತಪ್ಪು ಅದು ಎಂದು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು.

ಈಗ ಅಜ್ಜಿ ಇಲ್ಲ, ಅತ್ತೆಯೂ ಇಲ್ಲ. ಅಕ್ಕನಿಗೆ ಕನ್ನಡಕ ಬಂದಿದೆ, ಕಣ್ಣು ಹೊರಳಿಸುವುದನ್ನು ತನ್ನ ಮಗಳಿಗೆ ವಹಿಸಿಕೊಟ್ಟಿದ್ದಾಳೆ. ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾದವರು ಬಂದರೆ ನಾನು ಒಂದನೇ ನರದಿಂದ ಪರೀಕ್ಷೆ ಶುರು ಮಾಡುತ್ತೇನೆ. ಕಣ್ಣು ಮುಚ್ಚಿಸಿ, ಒಂದು ಮೂಗಿನ ಹೊಳ್ಳೆ ಒತ್ತಿ ಹಿಡಿದು, ಇನ್ನೊಂದರ ಹತ್ತಿರ ಕಾಫಿಪುಡಿ ಹಿಡಿದು, ಏನು ವಾಸನೆ ಹೇಳಿ ಎನ್ನುತ್ತೇನೆ. ಜೊತೆಗಿರುವ ಹುಡುಗ ಹುಡುಗಿಯರು ಸರಸರ ಬರೆದುಕೊಳ್ಳುತ್ತಾರೆ. ನನಗೆ ಮಾತ್ರ ಆಗ ಆ ಮೂವರೂ ಟ್ರಂಕಿನ ಸುತ್ತ ನಿಂತು ಜಗಳವಾಡುವುದು ಕಾಣುತ್ತದೆ. ತುಂಬ ನೆನಪಾಗುತ್ತಾರೆ. ಅರ್ಥ ಮಾಡಿಕೊಂಡು ಓದಿದ್ದೆಲ್ಲ ಆಮೇಲೆ ಎಷ್ಟೋ ಸಲ ಬದಲಾಯಿತು, ಹೊಸ ಪುಸ್ತಕ ಬಂದು ಹಳೆಯದನ್ನು ಸುಳ್ಳು ಮಾಡಿತು. ಬಾಯಿಪಾಠ ಮಾಡಿದ್ದು ಹಾಗೇ ಇದೆ.

ಸೀಟು ಸಿಕ್ಕ ದಿನ ಮನೆಯಲ್ಲಿ ಏನು ಮಾಡಿದೆವು, ಏನು ಉಂಡೆವು, ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಪರೀಕ್ಷೆ ಬರೆದು ಮನೆಗೆ ಬಂದ ಆ ಮಧ್ಯಾಹ್ನ. ಅತ್ತೆ, ಅಕ್ಕ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅಜ್ಜಿ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕನ್ನಡಕದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು.

"ಮುಗೀತಾ?"

"ಮುಗೀತಜ್ಜಿ."

"ಇನ್ನು ಹಾಕ್ಕೋಬಹುದಾ?"

"ಹಾಕ್ಕೋ."

ಅವಳು ಗಾಜನ್ನು ಬಾಯಾವಿ ಕೊಟ್ಟು ಒರೆಸಿದಳು, ಎರಡೂ ಕಿವಿಗೆ ಸರಿಯಾಗಿ ಸಿಕ್ಕಿಸಿಕೊಂಡಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಇಷ್ಟುದ್ದ ಯಾವಾಗ ಬೆಳೆದೆ ಎಂದಳು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು.

"ನನ್ನ ಪ್ರಶ್ನೆ ಬಂತಾ?"

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಬಂತು. ಮೊದಲನೇ ಪ್ರಶ್ನೇನೇ ನಿಂದು," ಎಂದೆ.

ಅಜ್ಜಿ ಕುರ್ಚಿಯಿಂದ ಎದ್ದು ತೀರ ಹತ್ತಿರ ಬಂದು, ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

"ಸುಳ್ಳು," ಎಂದಳು.

"ನಿಜ ಅಜ್ಜಿ."

"ನಿಮ್ಮಮ್ಮ ಸುಳ್ಳು ಹೇಳೋವಾಗ ಮುಖ ಹೀಗೇ ಆಗ್ತಿತ್ತು," ಎಂದು ಅವಳು ನನ್ನ ತುಟಿಯ ಎಡತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿದಳು. "ಇಲ್ಲಿ. ಇಲ್ಲೇ ಒಂದು ಸುಕ್ಕು ಬರೋದು."

ನನ್ನದು ಅಪ್ಪನ ಮುಖ ಎಂದೇ ಎಲ್ಲರೂ ಹೇಳುತ್ತಿದ್ದರು. ಅಮ್ಮನದು ನನ್ನಲ್ಲಿ ಏನೂ ಉಳಿದಿಲ್ಲ ಎಂದು ನಾನೂ ಒಪ್ಪಿಕೊಂಡಿದ್ದೆ. ಆ ಜಾಗವನ್ನು ನಾನೂ ಬೆರಳಿನಿಂದ ಮುಟ್ಟಿ ನೋಡಿಕೊಂಡೆ. ಅಷ್ಟರಲ್ಲಿ ಸುಕ್ಕು ಹೋಗಿತ್ತೆಂದು ಕಾಣುತ್ತದೆ. ಅಜ್ಜಿ ಗಲ್ಲ ಬಿಡಲಿಲ್ಲ.

"ಇನ್ನೊಂದ್ಸಲ ಹೇಳು," ಎಂದಳು.

"ಬಂತಜ್ಜಿ. ಮೊದಲನೇ ಪ್ರಶ್ನೇನೇ ನಿಂದು," ಎಂದೆ.

ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಇನ್ನೊಂದ್ಸಲ," ಎಂದಳು.